ಒಂದು ಮಳೆ ಪುಸ್ತಕಕ್ಕೆ ಎರಡು ಆ್ಯಪ್

ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟ. ಬೆಳಿಗ್ಗೆ ಎದ್ದ ಕೂಡಲೇ ಚಿಕ್ಕಪ್ಪ ಅಂಗಳದ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾರೆ. ಪುಸ್ತಕದಲ್ಲಿ ಬರೆಯುವುದು ಇಂಚು, ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದರ ನಂತರ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಅನ್ನೋದರ ಮೇಲೆ ಫಸಲು ನಿಂತಿದೆ ಅಲ್ವಾ?

ಆ ಪುಸ್ತಕವನ್ನೇ ಆ್ಯಪ್ ಮಾಡಲು ಹೊರಟೆ, ಆಂಡ್ರಾಯ್ಡಿನ ಹಾಗೆ ಫೋನ್ ನಡೆಸುವ ಓಎಸ್ ಆದ ಉಬುಂಟು ಟಚ್‌ಗೆ. 2017ರಲ್ಲಿ ಅದನ್ನು ಮಾಡಿದ ಕೆನಾನಿಕಲ್ ಕಂಪನಿ ಕೈಬಿಟ್ಟಾಗ ಯುಬಿಪೋರ್ಟ್ಸ್ ಸಮುದಾಯ ಎತ್ತಿಕೊಂಡು ಉಳಿಸಿತು. ಆ ಜನರ ಮೇಲೆ ನನಗೆ ತುಂಬಾ ಗೌರವ.

ಶುರು ಸುಲಭವಾಗಿತ್ತು. ಕ್ಯೂಎಂಎಲ್ ಅನ್ನುವ ಭಾಷೆಯಲ್ಲಿ ಪರದೆ ಬರೆದೆ. ಕ್ಲಿಕಬಲ್ ಅನ್ನುವ ಟೂಲ್‌ನಲ್ಲಿ ಒಂದೇ ಕಮಾಂಡಿಗೆ ಆ್ಯಪ್ ಫೋನಿಗೆ ಬಂತು. ಸಿಕ್ಕಿಬಿದ್ದದ್ದು ಬೆಳಿಗ್ಗೆ ನೆನಪಿಸುವ ಕೆಲಸದಲ್ಲಿ. ಬೇರೆ ಆ್ಯಪ್ ತೆರೆದರೆ ಸಾಕು, ನನ್ನದನ್ನು ಸಿಸ್ಟಂ ನಿಲ್ಲಿಸಿಬಿಡುತ್ತಿತ್ತು. ಬ್ಯಾಟರಿಗೆ ಒಳ್ಳೆಯದೇ, ಆದರೆ ನನ್ನ ಟೈಮರ್ ಓಡಲಿಲ್ಲ. ಸಿಸ್ಟಂನ ಅಲಾರಂ ಬಳಸಬೇಕು ಅಂತ ಗೊತ್ತಾಗಲು ಮೂರು ರಾತ್ರಿ ಹೋಯಿತು. ಆಂಡ್ರಾಯ್ಡಿನ ಇಂಥ ಪ್ರಶ್ನೆಗೆ ಯಾರೋ ಮೊದಲೇ ಉತ್ತರ ಬರೆದಿಟ್ಟಿರುತ್ತಾರೆ. ಆಮೇಲೆ 2023ರಲ್ಲಿ ಅದರ ಬುಡದಲ್ಲಿರುವ ಉಬುಂಟು ಆವೃತ್ತಿಯೇ 16.04ರಿಂದ 20.04ಕ್ಕೆ ಹೋಯಿತು. ಆ್ಯಪನ್ನು ಮತ್ತೆ ಕಟ್ಟಿ ಮತ್ತೆ ಹಾಕಬೇಕಾಯಿತು.

ಇದೆಲ್ಲಾ ಸಹಿಸಬಹುದು. ಚಿಕ್ಕಪ್ಪನ ಕೈಗೆ ಫೋನ್ ಕೊಟ್ಟಾಗ ಅವರು ಕೇಳಿದ್ದು ಒಂದೇ ಮಾತು: “ಚೆನ್ನಾಗಿದೆ ಮಗ. ಗೊಬ್ಬರದ ಅಂಗಡಿಗೆ ಇದರಲ್ಲಿ ದುಡ್ಡು ಹೇಗೆ ಕಳಿಸೋದು?”

ಆಂಡ್ರಾಯ್ಡ್ ಆ್ಯಪ್ ಓಡಿಸುವ ವೇಡ್ರಾಯ್ಡ್ ಹಾಕಿ ನೋಡಿದೆ. ಅವರ ಬ್ಯಾಂಕ್ ಆ್ಯಪ್ ತೆರೆಯಲೇ ಇಲ್ಲ. ಬ್ಯಾಂಕ್ ಆ್ಯಪ್ ಇಲ್ಲದ ಫೋನನ್ನು ಅವರು ಇಟ್ಟುಕೊಳ್ಳುವುದಿಲ್ಲ. ಅವರಂಥವರು ಇಲ್ಲದ ಕಡೆಗೆ ಬ್ಯಾಂಕಿನವರು ಯಾಕೆ ಬರುತ್ತಾರೆ? ಹಿಂದೆಯೂ ಹೀಗೇ ಆಗಿದೆ. ಫೈರ್‌ಫಾಕ್ಸ್ ಓಎಸ್ ಅನ್ನುವ ಇನ್ನೊಂದು ವ್ಯವಸ್ಥೆಯ ಫೋನ್ 2014ರಲ್ಲಿ ನಮ್ಮ ದೇಶದಲ್ಲಿ 1,999 ರೂಪಾಯಿಗೇ ಸಿಗುತ್ತಿತ್ತು. ವಾಟ್ಸಾಪ್ ಮಾತ್ರ ಅದಕ್ಕೆ ಆ್ಯಪ್ ಮಾಡಲಿಲ್ಲ. ಅದೇ ಬೇರಿನಿಂದ ಚಿಗುರಿದ ಕೈಓಎಸ್ ಜಿಯೋಫೋನಿನಲ್ಲಿ ಕೋಟಿಗಟ್ಟಲೆ ಜನರ ಕೈ ಸೇರಿತು. 2018ರಲ್ಲಿ ವಾಟ್ಸಾಪ್ ತಾನಾಗಿ ಬಂತು.

ಕೊನೆಗೆ ಆಂಡ್ರಾಯ್ಡಿಗೆ ಕಾಟ್ಲಿನ್ ಭಾಷೆಯಲ್ಲಿ ಎಲ್ಲಾ ಮತ್ತೆ ಬರೆದೆ. ಈಗ ಅಕ್ಕಪಕ್ಕದ ತೋಟದವರೂ ಬಳಸುತ್ತಾರೆ. ಒಂದು ಹೊಸ ಬಟನ್ ಬೇಕು ಅಂದರೆ ಎರಡು ಕಡೆ ಬರೆಯಬೇಕು, ಎರಡು ಕಡೆ ಪರೀಕ್ಷೆ ಮಾಡಬೇಕು. ಉಬುಂಟು ಟಚ್‌ನಲ್ಲಿ ಅದನ್ನು ಒತ್ತುವವನು, ನನಗೆ ಗೊತ್ತಿರುವ ಹಾಗೆ, ನಾನೊಬ್ಬನೇ. ತೋಟದ ಕೆಲಸದ ನಡುವೆ ಹೀಗೆ ಎಷ್ಟು ಜನ ಮಾಡಿಯಾರು?

ಆದರೂ ಬಿಟ್ಟಿಲ್ಲ. ಈಗ ಅದನ್ನು 24.04ಕ್ಕೆ ಮತ್ತೆ ಕಟ್ಟಬೇಕು. ಮಳೆಗಾಲದಲ್ಲಿ ಕರೆಂಟ್ ಇರುವ ರಾತ್ರಿ ನೋಡಿ ಕೂರುತ್ತೇನೆ.