ಸೆಲ್ಫ್ ತೆಗೆದುಕೊಳ್ಳದ ಬೈಕ್: ಬ್ಯಾಟರಿ ಬದಲಿಸುವ ಮುನ್ನ ಅಳೆದು ನೋಡುವ ಕ್ರಮ

ಮುಂಜಾನೆ ಸೆಲ್ಫ್ ಒತ್ತಿದಾಗ ಬೈಕ್ ಚಾಲೂ ಆಗದಿದ್ದರೆ ನಮ್ಮ ವಿಜಯಪುರದ ಕಡೆ ಮೊದಲು ಕೇಳಿಬರುವ ಮಾತು ಒಂದೇ: "ಬ್ಯಾಟರಿ ಹೋಗೇತ್ರಿ, ಹೊಸಾದು ಹಾಕ್ಸಿಬಿಡ್ರಿ." ಎಷ್ಟೋ ಸಲ ಅದು ನಿಜವೇ ಆಗಿರುತ್ತದೆ. ಆದರೆ ಬ್ಯಾಟರಿ ಕೆಟ್ಟಿರುವುದು ಬೇರೆ, ಕೆಡದ ಬ್ಯಾಟರಿ ಚಾರ್ಜ್ ಸಿಗದೆ ಬರಿದಾಗಿರುವುದು ಬೇರೆ, ಚಾರ್ಜ್ ಇದ್ದೂ ಕರೆಂಟು ಸ್ಟಾರ್ಟರ್ ಮೋಟರಿಗೆ ತಲುಪದಿರುವುದು ಇನ್ನೂ ಬೇರೆ. ಮೂರರ ಲಕ್ಷಣವೂ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ, ಅಳೆಯದೆ ಹೊಸ ಬ್ಯಾಟರಿ ಕೂರಿಸಿಕೊಂಡವರು ಕೆಲವೇ ವಾರಗಳಲ್ಲಿ ಮತ್ತೆ ಗಾಡಿ ತಳ್ಳಿಕೊಂಡು ಬರುವುದುಂಟು. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಈ ಮೂರನ್ನೂ ಮನೆಯಂಗಳದಲ್ಲೇ ಬೇರ್ಪಡಿಸಬಹುದು.

ಮೀಟರ್ ಹಿಡಿಯುವ ಮೊದಲು ಕಿವಿಗೊಟ್ಟು ಕೇಳಬೇಕು. ಚಾವಿ ತಿರುಗಿಸಿದಾಗ ಮೀಟರ್ ಕನ್ಸೋಲಿನಲ್ಲಿ ಬೆಳಕೇ ಬಾರದಿದ್ದರೆ ಮುಖ್ಯ ಫ್ಯೂಸ್ ಮತ್ತು ಬ್ಯಾಟರಿಯ ಟರ್ಮಿನಲ್‌ಗಳನ್ನು ನೋಡಬೇಕು. ಬೆಳಕು ಬಂದು, ಸೆಲ್ಫ್ ಒತ್ತಿದಾಗ ಯಾವ ಸದ್ದೂ ಆಗದಿದ್ದರೆ ಕಿಲ್ ಸ್ವಿಚ್, ನ್ಯೂಟ್ರಲ್, ಕ್ಲಚ್ ಲಿವರಿನ ಸ್ವಿಚ್, ಸೈಡ್ ಸ್ಟ್ಯಾಂಡಿನ ಸ್ವಿಚ್ ಇವುಗಳತ್ತ ಗಮನ ಹರಿಸಬೇಕು. ಬಾಗಲಕೋಟೆ ಸುತ್ತಲಿನ ಎರೆ ಹೊಲಗಳ ದಾರಿಯಲ್ಲಿ ಓಡಾಡುವ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಸ್ವಿಚ್ಚಿನೊಳಗೆ ಕೆಸರು ಕಟ್ಟಿಕೊಳ್ಳುವುದು ಸಾಮಾನ್ಯ. "ಟಕ್ ಟಕ್ ಟಕ್" ಎಂದು ರಿಲೇ (ಸೆಲ್ಫ್ ಒತ್ತಿದಾಗ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಕೂಡಿಸುವ ಸ್ವಿಚ್) ಬಡಿದುಕೊಳ್ಳುತ್ತಿದ್ದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ ಎಂದು ತಿಳಿಯಬಹುದು. ಒಂದೇ ಸಲ "ಟಕ್" ಎಂದು ಸುಮ್ಮನಾದರೆ ಅನುಮಾನ ರಿಲೇಯ ಕಾಂಟ್ಯಾಕ್ಟ್, ದಪ್ಪ ಕೇಬಲ್ ಅಥವಾ ಮೋಟರಿನ ಕಾರ್ಬನ್ ಬ್ರಶ್‌ಗಳ ಕಡೆಗೆ ಹೋಗಬೇಕು. ಮೋಟರ್ ಮಾತ್ರ ಗಿರ್ರನೆ ತಿರುಗಿ ಎಂಜಿನ್ ತಿರುಗದಿದ್ದರೆ ಅದು ಮೋಟರಿನ ತಿರುಗಾಟವನ್ನು ಎಂಜಿನ್ನಿಗೆ ದಾಟಿಸುವ ಒನ್‌ವೇ ಕ್ಲಚ್ಚಿನ ದೋಷವಾಗಿರುವ ಸಂಭವವೇ ಹೆಚ್ಚು.

ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಪೆಟ್ರೋಲ್, ಪ್ಲಗ್, ಏರ್ ಫಿಲ್ಟರ್ ನೋಡಬೇಕಾಗುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತಿದೆ. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್ 6 ನಿಯಮ ಜಾರಿಗೆ ಬಂದ ನಂತರ ಬಹುತೇಕ ಬೈಕುಗಳಲ್ಲಿ ಕಾರ್ಬೊರೇಟರಿನ ಬದಲು ಫ್ಯೂಯೆಲ್ ಇಂಜೆಕ್ಷನ್ ಬಂದಿದ್ದು, ಟ್ಯಾಂಕಿನ ಪೆಟ್ರೋಲ್ ಪಂಪಿಗೂ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೂ ಬ್ಯಾಟರಿಯೇ ಆಧಾರವಾಗಿದೆ. ಹೀಗಾಗಿ ಮೋಟರನ್ನು ತಿರುಗಿಸುವಷ್ಟು ಬಲವಿದ್ದರೂ ವೋಲ್ಟೇಜ್ ತೀರ ಕುಸಿದರೆ ಇಂತಹ ಗಾಡಿ ಹತ್ತುವುದಿಲ್ಲ. ಚಾವಿ ಹಾಕಿದ ಕೂಡಲೇ ಟ್ಯಾಂಕಿನೊಳಗಿಂದ ಎರಡು ಮೂರು ಸೆಕೆಂಡು "ಝುಂಯ್" ಎಂಬ ಪಂಪಿನ ಸದ್ದು ಕೇಳಿಸುತ್ತದೆಯೇ ಎಂದು ಗಮನಿಸಿದರೆ ಅರ್ಧ ಉತ್ತರ ಅಲ್ಲೇ ದೊರೆಯುತ್ತದೆ.

ಮೊದಲ ಅಳತೆ ಬ್ಯಾಟರಿಯದು. ಗಾಡಿ ರಾತ್ರಿಯಿಡೀ ನಿಂತ ಮೇಲೆ, ಚಾವಿ ಹಾಕುವ ಮುನ್ನ, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಎರಡೂ ಟರ್ಮಿನಲ್‌ಗಳ ನಡುವೆ ನೋಡಬೇಕು. ಈಗಷ್ಟೇ ಓಡಿಸಿ ನಿಲ್ಲಿಸಿದ ಗಾಡಿಯಲ್ಲಿ ಅಳೆದರೆ ಇಲ್ಲದ ಚಾರ್ಜ್ ಇದ್ದಂತೆ ಕಾಣುತ್ತದೆ. ಲೆಡ್ ಆಸಿಡ್ ಬ್ಯಾಟರಿಯಲ್ಲಿ 12.6 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತುಂಬಿದೆ ಎಂದೂ, 12.2ರ ಹತ್ತಿರವಿದ್ದರೆ ಸುಮಾರು ಅರ್ಧವಾಗಿದೆ ಎಂದೂ, 11.8ಕ್ಕಿಂತ ಕೆಳಗಿದ್ದರೆ ಬರಿದಾಗಿದೆ ಎಂದೂ ತಿಳಿಯಬೇಕು. ಬ್ಯಾಟರಿಯೊಳಗೆ ಆರು ಸೆಲ್‌ಗಳಿದ್ದು ಪ್ರತಿಯೊಂದೂ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ಆದ್ದರಿಂದ ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಒಂದು ಸೆಲ್ ಹೋಗಿದೆ, ಆ ಬ್ಯಾಟರಿಯ ಮೇಲೆ ಇನ್ನು ಹಣ ಹಾಕಬಾರದು.

ವೋಲ್ಟೇಜ್ ಸರಿಯಿದ್ದ ಮಾತ್ರಕ್ಕೆ ಬ್ಯಾಟರಿ ಸರಿಯಿದೆ ಎನ್ನಲಾಗದು. ಮೀಟರ್ ಅಲ್ಲೇ ಇರಲಿ, ಇನ್ನೊಬ್ಬರಿಗೆ ಸೆಲ್ಫ್ ಒತ್ತಲು ಹೇಳಿ. ಭಾರ ಬಿದ್ದಾಗ ಅಂಕಿ ಕೆಳಗಿಳಿಯುವುದು ಸಹಜ, ಆದರೆ 10ರ ಆಸುಪಾಸಿನಲ್ಲಿ ನಿಲ್ಲಬೇಕು. ತುಂಬಿದ ಬ್ಯಾಟರಿಯೂ 9.5ಕ್ಕಿಂತ ಕೆಳಗೆ ಕುಸಿದರೆ ಅದರ ಶಕ್ತಿ ಮುಗಿದಿದೆ, ಇಲ್ಲವೇ ಮೋಟರ್ ಎಲ್ಲಿಯೋ ಜಾಮಾಗಿ ವಿಪರೀತ ಕರೆಂಟು ಎಳೆಯುತ್ತಿದೆ. ಅರ್ಧ ಖಾಲಿಯಾದ ಬ್ಯಾಟರಿಗೆ ಈ ಪರೀಕ್ಷೆ ಮಾಡಿ ತೀರ್ಪು ಕೊಡಬಾರದು. ಮೊದಲು ನಿಧಾನವಾಗಿ, ಅಂದರೆ 9 ಆಂಪಿಯರ್ ಅವರ್ ಬ್ಯಾಟರಿಗೆ ಸುಮಾರು 0.9 ಆಂಪಿಯರ್‌ನಂತೆ, ಚಾರ್ಜ್ ಮಾಡಿ ಆಮೇಲೆ ನೋಡಬೇಕು. ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನಲ್ಲಿ ಬೈಕಿನದನ್ನೂ ಸೇರಿಸಿ ಜೋರಾಗಿ ಚಾರ್ಜ್ ಮಾಡಿಸುವ ರೂಢಿ ಒಳ್ಳೆಯದಲ್ಲ.

ನೀರು ಹಾಕುವ ಬ್ಯಾಟರಿಯಾಗಿದ್ದರೆ ನಮ್ಮ ಜಿಲ್ಲೆಯ ಬೇಸಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ನೀರು ಬೇಗ ಇಳಿಯುತ್ತದೆ. ಪ್ಲೇಟುಗಳು ಒಣಗಿ ಹೊರಗೆ ಕಾಣುವಂತಾದರೆ ಅವು ಮತ್ತೆ ಮೊದಲಿನಂತಾಗುವುದಿಲ್ಲ. ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವೆ ನಿಲ್ಲುವಂತೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಕುಡಿಯಲೂ ಸವಳು ಎನಿಸುವ ನಮ್ಮ ಬೋರಿನ ನೀರಿನ ಲವಣಗಳು ಬ್ಯಾಟರಿಯನ್ನು ಒಳಗಿನಿಂದಲೇ ಕೊಲ್ಲುತ್ತವೆ.

ಬ್ಯಾಟರಿ ಗಟ್ಟಿಯಾಗಿದ್ದೂ ಮೋಟರ್ ತಿರುಗದಿದ್ದರೆ ದೋಷ ಹೆಚ್ಚಾಗಿ ಕರೆಂಟು ಮೋಟರಿಗೆ ಹೋಗುವ ದಾರಿಯಲ್ಲಿರುತ್ತದೆ. ಹೆಚ್ಚಿನ ಜನ ಬಿಟ್ಟುಬಿಡುವ ಪರೀಕ್ಷೆ ಇದೇ, ನನ್ನ ಪ್ರಕಾರ ಹೆಚ್ಚು ಹಣ ಉಳಿಸುವುದೂ ಇದೇ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಕರಿ ಕಡ್ಡಿಯನ್ನು ಸ್ಟಾರ್ಟರ್ ಮೋಟರಿನ ಬೋಲ್ಟಿನ ಮೇಲೆ ಇಡಬೇಕು. ಸೆಲ್ಫ್ ಒತ್ತುವ ಮೊದಲು ಮೀಟರ್ 12 ವೋಲ್ಟಿನ ಹತ್ತಿರ ತೋರಿಸುತ್ತದೆ. ರಿಲೇ ತೆರೆದಿರುವುದರಿಂದ ಹಾಗೆ, ಗಾಬರಿ ಬೇಡ. ಒತ್ತಿದಾಗ ಆ ಅಂಕಿ ಅರ್ಧ ವೋಲ್ಟಿನೊಳಗೆ ಇಳಿಯಬೇಕು. ಒಂದೂವರೆ, ಎರಡು ವೋಲ್ಟ್ ಉಳಿದರೆ ರಿಲೇಯ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಕೇಬಲ್ ತುದಿಯಲ್ಲಿ ತುಕ್ಕಿದೆ ಎಂದರ್ಥ. 12ರಲ್ಲೇ ನಿಂತುಬಿಟ್ಟರೆ ರಿಲೇ ಮುಚ್ಚಿಕೊಳ್ಳುತ್ತಲೇ ಇಲ್ಲ. ಅದರ ಸಣ್ಣ ವೈರುಗಳಿಗೆ ಸೆಲ್ಫ್ ಒತ್ತಿದಾಗ ಕರೆಂಟು ಬರುತ್ತಿದೆಯೇ ಎಂದು ನೋಡಬೇಕು. ಬಂದರೆ ರಿಲೇ ಬದಲಿಸಬೇಕು, ಬಾರದಿದ್ದರೆ ಸ್ವಿಚ್ಚುಗಳ ಕಡೆಗೆ ಹೊರಳಬೇಕು. ಸ್ಕ್ರೂಡ್ರೈವರಿನಿಂದ ರಿಲೇಯ ಎರಡು ಬೋಲ್ಟುಗಳನ್ನು ಕೂಡಿಸಿ ಕಿಡಿ ಹಾರಿಸುವ ಪದ್ಧತಿಯನ್ನು, ಪೆಟ್ರೋಲ್ ಟ್ಯಾಂಕಿನ ಮಗ್ಗುಲಲ್ಲೇ ಅದು ನಡೆಯುವುದರಿಂದ, ನಾನು ಹೇಳಿಕೊಡುವುದಿಲ್ಲ.

ಇದೇ ರೀತಿ ಮೈನಸ್ ಕಂಬದಿಂದ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಅಳೆದರೆ, ಸೆಲ್ಫ್ ಒತ್ತಿದಾಗ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಅರ್ಥ್ ಕೇಬಲ್ ಬಿಚ್ಚಿ ನೋಡಬೇಕು. ಖಾನಾಪುರದ ಮಳೆಯಲ್ಲಿ ನೆನೆದ ಗಾಡಿಗಳಲ್ಲಿ ಕೇಬಲ್ಲಿನ ಉಂಗುರ ಮೇಲ್ನೋಟಕ್ಕೆ ಬಿಗಿಯಾಗಿಯೇ ಇರುತ್ತದೆ. ರಬ್ಬರ್ ಸರಿಸಿದರೆ ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತವೆ. ಕೂಡುಜಾಗವನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿದರೆ ಸಾಕು.

ಈಗ ಚಾರ್ಜಿಂಗ್. ಗಾಡಿ ಚಾಲೂ ಮಾಡಿ, ಮೀಟರನ್ನು ಬ್ಯಾಟರಿಗೇ ಹಿಡಿದು, ಎಕ್ಸಲರೇಟರ್ ಕೊಟ್ಟು ಎಂಜಿನ್ 4000ದಿಂದ 5000 ಆರ್‌ಪಿಎಂಗೆ ಬಂದಾಗ ನೋಡಬೇಕು. 13.5ರಿಂದ 14.5ರೊಳಗೆ ಇದ್ದರೆ ಚಾರ್ಜಿಂಗ್ ಚೆನ್ನಾಗಿದೆ. 15 ದಾಟಿದರೆ ರೆಗ್ಯುಲೇಟರ್ ತಡೆಯುತ್ತಿಲ್ಲ. ಅಂತಹ ಗಾಡಿಯಲ್ಲಿ ಬಲ್ಬುಗಳು ಪದೇಪದೇ ಹೋಗುತ್ತವೆ, ಬ್ಯಾಟರಿ ಕಾದು ಉಬ್ಬುತ್ತದೆ. ಎಕ್ಸಲರೇಟರ್ ಕೊಟ್ಟರೂ 13ರ ಕೆಳಗೇ ಇದ್ದರೆ ಚಾರ್ಜ್ ಬರುತ್ತಿಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಿತ್ತು "ಬಂದ್ ಆಗತೈತೋ ಇಲ್ಲೋ ನೋಡೂಣು" ಎನ್ನುವ ಹಳೆಯ ಪರೀಕ್ಷೆಯನ್ನು ಇಂದಿನ ಗಾಡಿಗೆ ಮಾಡಲೇಬಾರದು. ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು ಸುಟ್ಟರೆ ಅದರ ಬೆಲೆಯ ಮುಂದೆ ಬ್ಯಾಟರಿಯದು ಏನೂ ಅಲ್ಲ.

ಚಾರ್ಜ್ ಬಾರದಿದ್ದರೆ ಅನುಮಾನ ಮ್ಯಾಗ್ನೆಟ್ ಕಾಯಿಲ್ (ಎಂಜಿನ್ ತಿರುಗಿದಾಗ ಎಸಿ ಕರೆಂಟು ಹುಟ್ಟಿಸುವ ಸುರುಳಿ) ಮತ್ತು ಆರ್‌ಆರ್ ಯೂನಿಟ್ (ಆ ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ತಡೆಯುವ ರೆಗ್ಯುಲೇಟರ್ ರೆಕ್ಟಿಫೈಯರ್) ನಡುವೆ ಉಳಿಯುತ್ತದೆ. ಎಂಜಿನ್ನಿನಿಂದ ಬರುವ ಒಂದೇ ಬಣ್ಣದ, ಸಾಮಾನ್ಯವಾಗಿ ಹಳದಿಯ, ಮೂರು ವೈರುಗಳ ಕಪ್ಲರನ್ನು, ಅಂದರೆ ವೈರು ಕೂಡಿಸುವ ಪ್ಲಾಸ್ಟಿಕ್ ಜೋಡಣೆಯನ್ನು, ಬಿಚ್ಚಬೇಕು. ಬಿಚ್ಚಿದ ಕೂಡಲೇ ಅದರ ಮುಖ ನೋಡಿ: ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಪಿನ್ನಿನ ಸುತ್ತ ಕರಗಿದ್ದರೆ ರೋಗ ಅಲ್ಲಿಯೇ ಇರಬಹುದು. ಬಳಿಕ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಕಪ್ಲರ್ ಬಿಚ್ಚಿದ ಸ್ಥಿತಿಯಲ್ಲೇ ಎಂಜಿನ್ ಚಾಲೂ ಮಾಡಿ, ಎರಡೆರಡು ವೈರುಗಳ ನಡುವೆ ಮೂರು ಜೋಡಿಗಳಲ್ಲೂ ಅಳೆಯಬೇಕು. ಇಲ್ಲಿ ಬರುವ ವೋಲ್ಟೇಜ್ ಕೈಗೆ ಹೊಡೆಯುವಷ್ಟಿರುವುದರಿಂದ ಪಿನ್ನುಗಳನ್ನು ಬೆರಳಿನಿಂದ ಮುಟ್ಟಬಾರದು. 5000 ಆರ್‌ಪಿಎಂ ಹತ್ತಿರ ಅನೇಕ ಗಾಡಿಗಳಲ್ಲಿ 50 ವೋಲ್ಟ್ ಅಥವಾ ಹೆಚ್ಚು ಬರುತ್ತದೆ. ಸರಿಯಾದ ಅಂಕಿ ಆಯಾ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಂಕಿಗಿಂತ ಮುಖ್ಯವಾದದ್ದು, ಮೂರೂ ಜೋಡಿ ಒಂದೇ ಸಮ ಇರುವುದು. ಒಂದು ಜೋಡಿ ಕುಂಟಿದರೆ ಕಾಯಿಲ್ ಸುಟ್ಟಿದೆ. ಎಂಜಿನ್ ನಿಲ್ಲಿಸಿ, ಪ್ರತಿ ಹಳದಿ ವೈರಿಗೂ ಬಾಡಿಗೂ ನಡುವೆ ಕಂಟಿನ್ಯುಯಿಟಿ (ಕರೆಂಟು ಹರಿಯುವ ಕೂಡಿಕೆ ಇದೆಯೇ ಎಂದು) ನೋಡಿದರೆ ಮೀಟರ್ ಸದ್ದು ಮಾಡಬಾರದು. ಆದರೆ ಹಳೆಯ ಸಣ್ಣ ಗಾಡಿಗಳ ಕಾಯಿಲ್ಲಿನ ಒಂದು ತುದಿಯನ್ನು ಬಾಡಿಗೇ ಕೂಡಿಸಿರುತ್ತಾರೆ. ಅಲ್ಲಿ ಈ ಪರೀಕ್ಷೆ ಅನ್ವಯಿಸದು. ಅಂತಹ ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ನೇರವಾಗಿ ಕಾಯಿಲ್ಲಿನಿಂದಲೇ ಉರಿಯುವುದರಿಂದ, ಎಕ್ಸಲರೇಟರಿಗೆ ತಕ್ಕಂತೆ ಬೆಳಕು ಏರಿಳಿಯುವುದೂ ದೋಷವಲ್ಲ.

ಕಾಯಿಲ್ ಸರಿಯಿದ್ದರೆ ಉಳಿಯುವುದು ಆರ್‌ಆರ್ ಯೂನಿಟ್. ಅದನ್ನು ಕೊಳ್ಳುವ ಮೊದಲು ಅದರ ಔಟ್‌ಪುಟ್ ವೈರಿನಿಂದ ಬ್ಯಾಟರಿಯ ಪ್ಲಸ್‌ವರೆಗೆ, ಎಂಜಿನ್ ಓಡುತ್ತಿರುವಾಗ, ಎಷ್ಟು ವೋಲ್ಟ್ ಕಳೆಯುತ್ತಿದೆ ಎಂದು ನೋಡಬೇಕು, 0.3ಕ್ಕಿಂತ ಹೆಚ್ಚಿದ್ದರೆ ಮಧ್ಯದ ಫ್ಯೂಸ್ ಅಥವಾ ಕಪ್ಲರ್ ಸ್ವಚ್ಛಗೊಳಿಸಬೇಕು. ಈ ಯೂನಿಟ್ ಓಡುವಾಗ ಬಿಸಿಯಾಗುವುದು ಸಹಜ. ಅದರ ರೆಕ್ಕೆಗಳ ಮೇಲೆ ಕೆಸರು ಒಣಗಿ ಕೂತರೆ ಗಾಳಿ ತಾಗದೆ ಬೇಗ ಕೆಡುತ್ತದೆ.

ಎಲ್ಲ ಅಂಕಿಯೂ ಸರಿಯಿದ್ದು ಬ್ಯಾಟರಿ ಮಾತ್ರ ಇಳಿಯುತ್ತಿದ್ದರೆ ಓಡಾಟದ ರೀತಿಯನ್ನೂ ನೋಡಬೇಕು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಸದಾ ಉರಿಯುತ್ತದೆ. ಬೆಳಗಾವಿಯ ತಿಲಕವಾಡಿಯಿಂದ ಖಡೇಬಜಾರಿನವರೆಗೆ ನಾಲ್ಕು ಕಡೆ ನಿಲ್ಲಿಸಿ ನಾಲ್ಕು ಸಲ ಸೆಲ್ಫ್ ಒತ್ತುವವರ ಗಾಡಿಯಲ್ಲಿ ಖರ್ಚಾದಷ್ಟು ಚಾರ್ಜ್ ಮರಳಿ ತುಂಬುವುದಿಲ್ಲ. ಇನ್ನೊಂದು ಕಾರಣ ನಿಂತ ಗಾಡಿಯಲ್ಲಿನ ಸೋರಿಕೆ. ಚಾವಿ ತೆಗೆದು, ಮೈನಸ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ, ಕೇಬಲ್ಲಿಗೂ ಮೈನಸ್ ಕಂಬಕ್ಕೂ ನಡುವೆ ಹಿಡಿಯಬೇಕು. ಗಡಿಯಾರವಿರುವ ಕನ್ಸೋಲಿಗೆ ಕೆಲವು ಮಿಲಿ ಆಂಪಿಯರ್ ಬೇಕಾಗುವುದು ಸಹಜ. 50 ಮಿಲಿ ಆಂಪಿಯರ್ ಸೋರುತ್ತಿದ್ದರೆ 9 ಆಂಪಿಯರ್ ಅವರ್ ಬ್ಯಾಟರಿ ಏಳೆಂಟು ದಿನಗಳಲ್ಲಿ ಪೂರ್ತಿ ಬರಿದಾಗುತ್ತದೆ. ಮೀಟರ್ ಹೀಗೆ ಕೂಡಿಸಿರುವಾಗ ಸೆಲ್ಫ್ ಒತ್ತಿದರೆ ಅದರ ಫ್ಯೂಸ್ ಹಾರಿಹೋಗುತ್ತದೆ. ಮೊದಲು ಹೊರಗಿನಿಂದ ಹಾಕಿಸಿದ ಮೊಬೈಲ್ ಚಾರ್ಜರ್, ಜಿಪಿಎಸ್, ಜೋಡಿ ಹಾರ್ನುಗಳನ್ನು ಬಿಚ್ಚಿ, ನಂತರ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು, ಕೊನೆಗೆ ಆರ್‌ಆರ್ ಯೂನಿಟ್ಟಿನ ಕಪ್ಲರನ್ನೂ ಬೇರ್ಪಡಿಸಿ, ಯಾವ ಹಂತದಲ್ಲಿ ಅಂಕಿ ಇಳಿಯುತ್ತದೆ ಎಂದು ನೋಡಬೇಕು. ಆರ್‌ಆರ್ ಬಿಚ್ಚಿದಾಗ ಇಳಿದರೆ ಅದರೊಳಗಿನ ಡಯೋಡ್ ಹಿಮ್ಮುಖವಾಗಿ ಸೋರುತ್ತಿದೆ, ಚಾರ್ಜಿಂಗ್ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಅದನ್ನು ಬದಲಿಸಲೇಬೇಕು. ಕೆಲಸ ಮುಗಿದ ಮೇಲೆ ಮೈನಸ್ ಕೇಬಲನ್ನು ಬಿಗಿದು, ಇಡೀ ರಾತ್ರಿ ಬಿಟ್ಟು, ಮರುದಿನ ಮುಂಜಾನೆ ಚಾವಿ ಹಾಕುವ ಮುನ್ನ ವೋಲ್ಟೇಜನ್ನು ಇನ್ನೊಮ್ಮೆ ಅಳೆಯಬೇಕು.