ಎನ್‌ಇಎಸ್ ಸದ್ದನ್ನು ರೆಕಾರ್ಡ್ ಮಾಡಿ, ಕೋಡ್‌ನಲ್ಲಿ ಮತ್ತೆ ಕಟ್ಟಿದ್ದು

ಹಳೆಯ ಗೇಮ್ ಕನ್ಸೋಲ್‌ಗಳ ಸೌಂಡ್ ಚಿಪ್ ಬಗ್ಗೆ ಇವತ್ತು ಮಾಹಿತಿಗೆ ಬರವಿಲ್ಲ. ಯಾವ ರಿಜಿಸ್ಟರ್‌ಗೆ (ಚಿಪ್‌ಗೆ ಆದೇಶ ಕೊಡುವ ಪುಟ್ಟ ಖಾನೆ) ಏನು ಬರೆದರೆ ಏನಾಗುತ್ತದೆ ಅನ್ನುವುದು ಬಿಟ್ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ಓದಿಕೊಂಡು ನಿಂಟೆಂಡೊ ಕಂಪನಿಯ ಎನ್‌ಇಎಸ್ ಕನ್ಸೋಲ್‌ನ ಸದ್ದು ಹೊರಡಿಸುವ ಎಮ್ಯುಲೇಟರ್ (ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ) ಬರೆಯುವುದು ಪ್ರೋಗ್ರಾಮಿಂಗ್ ಬಲ್ಲವರಿಗೆ ಅಂಥ ದೊಡ್ಡ ಕೆಲಸವಲ್ಲ. ಬರೆದದ್ದು ಸರಿಯಿದೆಯೋ ಇಲ್ಲವೋ ಎಂದು ತಿಳಿಯುವುದೇ ಕಷ್ಟ. ದಾಖಲೆಗಳು ಹೇಳುವುದು ಬಹುಪಾಲು ಚಿಪ್ ಒಳಗಿನ ಲೆಕ್ಕವನ್ನು. ನಮ್ಮ ಕಿವಿಗೆ ಬೀಳುವುದು ಆ ಲೆಕ್ಕ ರೆಸಿಸ್ಟರ್, ಕ್ಯಾಪಾಸಿಟರ್, ಆಂಪ್ಲಿಫೈಯರ್‌ಗಳನ್ನೆಲ್ಲ ಹಾದು ಬಂದಮೇಲೆ ಉಳಿದ ಸದ್ದು. ಹಾಗಾಗಿ ನಾನು ಕೋಡ್‌ಗೆ ಕೈಹಾಕುವ ಮುಂಚೆ ಅಸಲಿ ಯಂತ್ರವನ್ನೇ ರೆಕಾರ್ಡ್ ಮಾಡಿಕೊಂಡೆ. ಆ ರೆಕಾರ್ಡಿಂಗ್‌ನಿಂದ ನನ್ನ ಎಮ್ಯುಲೇಟರ್‌ನ ಸದ್ದನ್ನು ಕಳೆದರೆ ಎಷ್ಟು ಉಳಿಯುತ್ತದೆ? ಕಡೆಯವರೆಗೂ ನನಗೆ ಇದೊಂದೇ ಪರೀಕ್ಷೆ.

ಮುಂಭಾಗದಿಂದ ಕಾರ್ಟ್ರಿಜ್ ತಳ್ಳುವ ಮಾದರಿಯ ಎನ್‌ಇಎಸ್‌ಗೆ ಪಕ್ಕದಲ್ಲೇ ಎರಡು ಆರ್‌ಸಿಎ ಜ್ಯಾಕ್ ಇರುತ್ತವೆ. ಹಳದಿ ವಿಡಿಯೋಗೆ, ಕೆಂಪು ಆಡಿಯೋಗೆ. ಆಡಿಯೋ ಮೋನೋ. ಎನ್‌ಇಎಸ್‌ನ ಜಪಾನಿ ರೂಪವಾದ 1983ರ ಮೂಲ ಫ್ಯಾಮಿಕಾಮ್‌ನಲ್ಲಿ ಟಿವಿ ಆಂಟೆನಾಗೆ ಹೋಗುವ ಆರ್‌ಎಫ್ ಬಿಟ್ಟರೆ ಬೇರೆ ದಾರಿಯಿಲ್ಲ, ಅದರಿಂದ ಶುದ್ಧ ಸದ್ದು ಬೇಕೆಂದರೆ ಒಳಗೆ ಬೆಸುಗೆ ಹಾಕಬೇಕು. ನನ್ನ ಹತ್ತಿರ ಇದ್ದದ್ದು ಎನ್‌ಇಎಸ್, ಆದ್ದರಿಂದ ಕೆಂಪು ಜ್ಯಾಕ್‌ನಿಂದ ನೇರವಾಗಿ ಆಡಿಯೋ ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ಕೊಟ್ಟೆ. ಮೈಕ್ ಇನ್‌ಪುಟ್‌ಗೆ ಕೊಡಬಾರದು, ಅಲ್ಲಿನ ಪ್ರಿಆಂಪ್ ತನ್ನದೇ ಬಣ್ಣ ಬಳಿಯುತ್ತದೆ. 96 ಕಿಲೋಹರ್ಟ್ಜ್, 24 ಬಿಟ್, ಅತಿ ಜೋರಿನ ಸದ್ದು ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಮಟ್ಟ. ಕನ್ಸೋಲ್ ಆನ್ ಮಾಡಿದಾಗ ಬರುವ ‘ಧಡ್’ ಸದ್ದಿಗೂ ಅಷ್ಟು ಜಾಗ ಬಿಟ್ಟಿರಬೇಕು. ಜೊತೆಗೆ ಇಂಟರ್‌ಫೇಸ್‌ನ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್‌ಗೆ ಜೋಡಿಸಿ ಒಂದು ರೆಕಾರ್ಡಿಂಗ್ ಇಟ್ಟುಕೊಂಡೆ. ಇಂಟರ್‌ಫೇಸ್ ಕೂಡ ತಗ್ಗಿನ ಸದ್ದನ್ನು ಒಂದಿಷ್ಟು ಕತ್ತರಿಸುತ್ತದೆ, ಅದನ್ನು ಕನ್ಸೋಲ್‌ನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಮೊದಲು ಕಾಡಿದ್ದು ಗುಂಯ್‌ಗುಡುವ ಹಿನ್ನೆಲೆ. ಇದರಲ್ಲಿ ಎರಡು ಬೇರೆ ಬೇರೆ ಸದ್ದು ಸೇರಿಕೊಂಡಿರುತ್ತವೆ. ಒಂದು ಗ್ರೌಂಡ್ ಲೂಪ್: ಕನ್ಸೋಲ್, ಟಿವಿ, ಕಂಪ್ಯೂಟರ್ ಮೂರೂ ಬೇರೆ ಬೇರೆ ಪ್ಲಗ್‌ನಿಂದ ಕರೆಂಟ್ ತೆಗೆದುಕೊಂಡು ಕೇಬಲ್ ಮೂಲಕ ಒಂದಕ್ಕೊಂದು ಅಂಟಿಕೊಂಡಾಗ ಬರುವಂಥದ್ದು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಟಿವಿಯ ಕೇಬಲ್ ಕಿತ್ತರೆ ಅರ್ಧಕ್ಕರ್ಧ ಹೋಗುತ್ತದೆ. ಹೋಗದಿದ್ದರೆ ಮಧ್ಯೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಅಳತೆಯ ರೆಕಾರ್ಡಿಂಗ್‌ಗೆ ನಾನು ಅದನ್ನು ಬಳಸಲಿಲ್ಲ, ಅದೂ ತಗ್ಗಿನ ಸದ್ದನ್ನು ಮುಟ್ಟುತ್ತದೆ. ಇನ್ನೊಂದು ಕನ್ಸೋಲ್ ಒಳಗಿನದೇ ಸೋರಿಕೆ. ವಿಡಿಯೋ ಸಿಗ್ನಲ್ ಆಡಿಯೋ ತಂತಿಗೆ ಇಣುಕುತ್ತದೆ. ಸ್ಪೆಕ್ಟ್ರೋಗ್ರಾಮ್‌ನಲ್ಲಿ 15.7 ಕಿಲೋಹರ್ಟ್ಜ್ ಹತ್ತಿರ ಕೂದಲೆಳೆಯಂಥ ಗೆರೆ ಕಂಡರೆ ಅದು ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ಗಳ ಟಿವಿ ಪದ್ಧತಿ) ಚಿತ್ರದ ಅಡ್ಡಸಾಲುಗಳ ವೇಗ. ಪರದೆ ಪೂರ್ತಿ ಬಿಳಿಯಾದಾಗ ಗುಂಯ್ ಜಾಸ್ತಿ, ಕಪ್ಪಾದಾಗ ಕಡಿಮೆ. ಅದಕ್ಕೇ ನನ್ನ ಟೆಸ್ಟ್ ರೋಮ್ ಪರದೆಯನ್ನು ಕಪ್ಪಾಗಿಟ್ಟುಕೊಂಡೇ ಓಡುತ್ತದೆ.

ಟೆಸ್ಟ್ ರೋಮ್ ಎಂದೆನಲ್ಲ, ಅದಿಲ್ಲದೆ ಈ ಕೆಲಸ ಆಗುವುದಿಲ್ಲ. ಗೇಮ್ ಸಂಗೀತದಲ್ಲಿ ಐದು ಚಾನೆಲ್ ಒಟ್ಟಿಗೆ ಕಲಸಿಕೊಂಡಿರುತ್ತವೆ: ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ರೆಕಾರ್ಡ್ ಮಾಡಿದ ಸದ್ದಿನ ತುಣುಕು ನುಡಿಸುವ ಒಂದು ಡಿಎಂಸಿ. ಯಾವುದು ಏನು ಮಾಡಿತು ಅಂತ ಬಿಡಿಸುವುದು ಅಸಾಧ್ಯ. ಆದ್ದರಿಂದ ಚಿಕ್ಕದೊಂದು ಪ್ರೋಗ್ರಾಂ ಬರೆದು ಫ್ಲ್ಯಾಶ್ ಕಾರ್ಟ್ರಿಜ್‌ಗೆ ಹಾಕಿದೆ. ಶುರುವಿನಲ್ಲಿ ಚಿಟಿಕೆ ಹೊಡೆದಂಥ ಒಂದು ಸದ್ದು, ಕೊನೆಯಲ್ಲಿ ಇನ್ನೊಂದು. ನಡುವೆ ಒಂದೊಂದೇ ಚಾನೆಲ್, ಒಂದೊಂದೇ ವಾಲ್ಯೂಮ್ ಮಟ್ಟ, ಆಮೇಲೆ ಜೋಡಿಗಳು.

ಎರಡು ತುದಿಯ ಚಿಟಿಕೆ ಯಾಕೆಂದರೆ, ಕನ್ಸೋಲ್‌ನ ಗಡಿಯಾರ ಮತ್ತು ಇಂಟರ್‌ಫೇಸ್‌ನ ಗಡಿಯಾರ ಎಂದೂ ಒಂದೇ ವೇಗದಲ್ಲಿ ಓಡುವುದಿಲ್ಲ. ಎನ್‌ಇಎಸ್‌ನ ಮುಖ್ಯ ಕ್ರಿಸ್ಟಲ್ 21.477272 ಮೆಗಾಹರ್ಟ್ಜ್, ಅದನ್ನು 12ರಿಂದ ಭಾಗಿಸಿದರೆ ಸಿಪಿಯು, ಸೌಂಡ್ ಎರಡೂ ಒಳಗಿರುವ 2ಎ03 ಚಿಪ್‌ನ 1.789773 ಮೆಗಾಹರ್ಟ್ಜ್. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ ಮೂರು ನಿಮಿಷದ ರೆಕಾರ್ಡಿಂಗ್‌ನ ಕೊನೆಗೆ 9 ಮಿಲಿಸೆಕೆಂಡ್ ಅಂತರ ಬಿದ್ದಿರುತ್ತದೆ. ಕೇಳಿದರೆ ಗೊತ್ತೇ ಆಗದು, ಕಳೆಯಲು ಹೋದರೆ ಎಲ್ಲ ಕೆಡುತ್ತದೆ. ಚಿಟಿಕೆಯಿಂದ ಚಿಟಿಕೆಗೆ ಎಷ್ಟು ಸ್ಯಾಂಪಲ್ ಎಂದು ಎಣಿಸಿ, ಆ ಅನುಪಾತದಲ್ಲಿ ಎಮ್ಯುಲೇಟರ್‌ನ ಔಟ್‌ಪುಟ್ಟನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ ಆಮೇಲೆ ಕಳೆಯುತ್ತೇನೆ.

ಈಗ ಎಮ್ಯುಲೇಟರ್ ಕಡೆಗೆ. ಪಲ್ಸ್ ಚಾನೆಲ್‌ನ ಶ್ರುತಿಯ ಲೆಕ್ಕ ಸುಲಭ: ಸಿಪಿಯು ವೇಗವನ್ನು ಟೈಮರ್‌ಗೆ ಒಂದು ಕೂಡಿಸಿದ ಸಂಖ್ಯೆಯ 16 ಪಟ್ಟಿನಿಂದ ಭಾಗಿಸಬೇಕು. ಟೈಮರ್ 253 ಇಟ್ಟರೆ 440.4 ಹರ್ಟ್ಜ್. ಅದೇ ಸಂಖ್ಯೆ ಪಾಲ್ (ಯುರೋಪಿನ ಟಿವಿ ಪದ್ಧತಿ) ಯಂತ್ರದಲ್ಲಿ 409 ಹರ್ಟ್ಜ್ ಕೊಡುತ್ತದೆ, ಏಕೆಂದರೆ ಅದರ ಸಿಪಿಯು 1.662607 ಮೆಗಾಹರ್ಟ್ಜ್, ಒಂದು ಸ್ವರಸ್ಥಾನಕ್ಕಿಂತ ಹೆಚ್ಚೇ ಕೆಳಗಿಳಿಯಿತು. ತೊಡಕು ಇರುವುದು ಈ ವೇಗವನ್ನು 48 ಕಿಲೋಹರ್ಟ್ಜ್‌ಗೆ ಇಳಿಸುವಲ್ಲಿ. ಒಂದು ಆಡಿಯೋ ಸ್ಯಾಂಪಲ್‌ಗೆ ಸುಮಾರು 37 ಸಿಪಿಯು ಸೈಕಲ್. ಆ ಮೂವತ್ತೇಳರಲ್ಲಿ ಒಂದನ್ನು ಹೆಕ್ಕಿ ಉಳಿದದ್ದನ್ನು ಬಿಟ್ಟರೆ ಮೇಲಿನ ಸ್ವರಗಳಲ್ಲಿ ಇಲ್ಲದ ಸ್ವರಗಳು ಹುಟ್ಟಿಕೊಂಡು ಕರ್ಕಶವಾಗಿ ಕಿರುಗುಟ್ಟುತ್ತವೆ. ಹಳೆಯ ಎಮ್ಯುಲೇಟರ್‌ಗಳ ಆ ಲೋಹದಂಥ ಸದ್ದನ್ನೇ ಎಷ್ಟೋ ಜನ ಎನ್‌ಇಎಸ್ ಸದ್ದು ಎಂದುಕೊಂಡಿದ್ದಾರೆ. ನಾನು ಬಳಸಿದ್ದು ಬ್ಯಾಂಡ್-ಲಿಮಿಟೆಡ್ ಸ್ಟೆಪ್ ವಿಧಾನ: ಅಲೆ ಯಾವ ಸೈಕಲ್‌ನಲ್ಲಿ ಮೇಲೆ ಅಥವಾ ಕೆಳಗೆ ಜಿಗಿಯಿತೋ ಆ ಜಾಗದಲ್ಲಿ ಮಾತ್ರ, ಮೊದಲೇ ಲೆಕ್ಕ ಹಾಕಿಟ್ಟ ನಯವಾದ ಮೆಟ್ಟಿಲೊಂದನ್ನು ಸೇರಿಸುವುದು. ಜಿಗಿತ ಇಲ್ಲದ ಕಡೆ ಕೆಲಸವೇ ಇಲ್ಲ, ಹಾಗಾಗಿ ವೇಗವೂ ಸಿಗುತ್ತದೆ.

ಇಷ್ಟಾದ ಮೇಲೆ ಒಂಟಿ ಪಲ್ಸ್ ಸ್ವರವನ್ನು ರೆಕಾರ್ಡಿಂಗ್ ಜೊತೆ ಇಟ್ಟು ನೋಡಿ. ಎಮ್ಯುಲೇಟರ್‌ನ ಅಲೆಯ ತಲೆ ಚಪ್ಪಟೆ. ರೆಕಾರ್ಡಿಂಗ್‌ನಲ್ಲಿ ಅದು ಮೇಲೆ ಹಾರಿದ ಕೂಡಲೇ ನಡುಗೆರೆಯತ್ತ ಜಾರಲು ಶುರುಮಾಡುತ್ತದೆ, ಕೆಳಗಿಳಿದಾಗಲೂ ಹಾಗೆಯೇ. ತಗ್ಗಿನ ಸ್ವರ ಹಿಡಿದರೆ ಈ ಇಳಿಜಾರು ಕಣ್ಣಿಗೆ ರಾಚುವಷ್ಟಿರುತ್ತದೆ. ಎನ್‌ಇಎಸ್‌ನ ಬೋರ್ಡ್‌ನಲ್ಲಿ 90 ಹರ್ಟ್ಜ್ ಮತ್ತು 440 ಹರ್ಟ್ಜ್ ಸುತ್ತಮುತ್ತ ಎರಡು ಹೈಪಾಸ್ ಫಿಲ್ಟರ್ (ತಗ್ಗಿನ ಸದ್ದನ್ನು ತಡೆಯುವವು), 14 ಕಿಲೋಹರ್ಟ್ಜ್ ಹತ್ತಿರ ಒಂದು ಲೋಪಾಸ್ (ಮೇಲಿನ ಸದ್ದನ್ನು ತಡೆಯುವುದು) ಇರುತ್ತವೆ. ಫ್ಯಾಮಿಕಾಮ್‌ನಲ್ಲಿ ಇರುವುದು 37 ಹರ್ಟ್ಜ್‌ನ ಒಂದೇ ಹೈಪಾಸ್. ಅಲ್ಲಿ ಬೇಸ್ ದಪ್ಪ ಕೇಳುವುದಕ್ಕೆ ಇದೇ ಕಾರಣ. ಎನ್‌ಇಎಸ್‌ನ ಮೂರೂ ಫಸ್ಟ್-ಆರ್ಡರ್ ಎಂಬ ಸರಳ ಬಗೆಯ ಫಿಲ್ಟರ್‌ಗಳು, ಕೋಡ್‌ನಲ್ಲಿ ಬೆರಳೆಣಿಕೆಯ ಸಾಲು. ಆ ಸಾಲುಗಳನ್ನು ಸೇರಿಸಿದ ಕೂಡಲೇ ಎರಡು ಅಲೆಗಳು ಒಂದರ ಮೇಲೊಂದು ಕೂತವು. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಫಲ ಬೇರೆಲ್ಲೂ ಸಿಗಲಿಲ್ಲ.

ಮಿಕ್ಸಿಂಗ್ ಮಾತ್ರ ತಾಳ್ಮೆ ಬೇಡುತ್ತದೆ. ಐದು ಚಾನೆಲ್‌ಗಳನ್ನು ಸುಮ್ಮನೆ ಕೂಡಿಸಿದರೆ ಆಗದು. ಎರಡು ಪಲ್ಸ್ ಒಂದು ಗುಂಪು, ಉಳಿದ ಮೂರು ಇನ್ನೊಂದು ಗುಂಪು, ಗುಂಪಿನೊಳಗೆ ಒಂದರ ಸದ್ದು ಇನ್ನೊಂದನ್ನು ಅದುಮುತ್ತದೆ. ಪೂರ್ಣ ವಾಲ್ಯೂಮ್‌ನ ಒಂದು ಪಲ್ಸ್‌ಗೆ ಇನ್ನೊಂದು ಸೇರಿದರೆ ಸದ್ದಿನ ಎತ್ತರ ಎರಡು ಪಟ್ಟಾಗುವುದಿಲ್ಲ, 1.73 ಪಟ್ಟು ಮಾತ್ರ. ಡಿಎಂಸಿ ಇನ್ನೂ ಮಜಾ. ಅದರ ಮಟ್ಟ 0ಯಿಂದ 127ರವರೆಗೆ ಹೋಗುತ್ತದೆ. ಅದು 127ರಲ್ಲಿ ನಿಂತಾಗ ಟ್ರಯಾಂಗಲ್‌ನ ಎತ್ತರ ಅರ್ಧಕ್ಕಿಂತಲೂ ಕಡಿಮೆಗೆ ಕುಸಿಯುತ್ತದೆ. ಟ್ರಯಾಂಗಲ್‌ಗೆ ಸ್ವಂತ ವಾಲ್ಯೂಮ್ ರಿಜಿಸ್ಟರ್ ಇಲ್ಲ, ಆದ್ದರಿಂದ ಡಿಎಂಸಿಯ ಮಟ್ಟವನ್ನು ಏರಿಸಿ ಅದನ್ನು ತಗ್ಗಿಸುವ ಹಿಂಬಾಗಿಲು ಪ್ರೋಗ್ರಾಮರ್‌ಗಳಿಗೆ ಸಿಕ್ಕಿತು. ನೇರವಾಗಿ ಕೂಡಿಸುವ ಎಮ್ಯುಲೇಟರ್‌ನಲ್ಲಿ ಡ್ರಮ್ ಹೊಡೆದಾಗ ಬೇಸ್ ಅಲುಗುವುದೇ ಇಲ್ಲ. ಅಸಲಿಯಲ್ಲಿ ಪ್ರತಿ ಪೆಟ್ಟಿಗೂ ಒಂಚೂರು ಬಗ್ಗುತ್ತದೆ, ಆ ಬಳುಕಿನಲ್ಲೇ ಸಂಗೀತದ ಜೀವ ಇರುವುದು ಎಂದು ನನ್ನ ಅನಿಸಿಕೆ.

ಟ್ರಯಾಂಗಲ್ ಎಂಬ ಹೆಸರೇನೋ ಇದೆ, ಅಸಲಿಗೆ ಅದು 32 ಮೆಟ್ಟಿಲ ಏರಿಳಿತ. 55 ಹರ್ಟ್ಜ್ ಬೇಸ್ ಸ್ವರ ನುಡಿಸಿದರೆ ಸೆಕೆಂಡಿಗೆ 1,760 ಮೆಟ್ಟಿಲು. ಆ ತಗ್ಗಿನ ಸ್ವರಕ್ಕೆ ಇರುವ ಗೊರಗೊರ ಇದರಿಂದಲೇ ಬರುವುದು. ನಯ ಮಾಡಿದರೆ ಚೆಂದ ಅಂತ ಕೆಲವರು ಶುದ್ಧ ತ್ರಿಕೋನ ಹಾಕುತ್ತಾರೆ; ಬೇಸ್ ಸಪ್ಪೆಯಾಗುತ್ತದೆ.

ಪಲ್ಸ್‌ನ ಇನ್ನೊಂದು ಗುಣ ರೆಕಾರ್ಡಿಂಗ್‌ನಲ್ಲೇ ಎದ್ದು ಕಂಡಿತು. ಟೈಮರ್‌ನ ಮೇಲಿನ ಬಿಟ್‌ಗಳು ಇರುವ ರಿಜಿಸ್ಟರ್‌ಗೆ ಬರೆದಾಗಲೆಲ್ಲ ಅಲೆ ಮೊದಲಿನಿಂದ ಶುರುವಾಗುತ್ತದೆ, ಕೂಡಲೇ ‘ಟಕ್’ ಎಂಬ ಸಣ್ಣ ಸದ್ದು. ಸ್ವರವನ್ನು ಕಂಪಿಸುವಾಗ ಟೈಮರ್ ಸಂಖ್ಯೆ 255ರಿಂದ 256ಕ್ಕೆ ದಾಟಿದರೆ ಆ ರಿಜಿಸ್ಟರ್ ಮುಟ್ಟಲೇಬೇಕು, ಆದ್ದರಿಂದ ಕೆಲವು ಸ್ವರಗಳ ಕಂಪನ ಮಾತ್ರ ಟಕಟಕ ಅನ್ನುತ್ತದೆ. ಇದನ್ನು ತೊಳೆದು ಹಾಕುವ ಆಸೆ ಬೇಡ.

ನಾಯ್ಸ್ ಚಾನೆಲ್ ಕಳೆಯುವ ಪರೀಕ್ಷೆಗೆ ಸುಲಭಕ್ಕೆ ಬಗ್ಗಲಿಲ್ಲ. ಅದರೊಳಗಿನ 15 ಬಿಟ್ ಶಿಫ್ಟ್ ರಿಜಿಸ್ಟರ್ 32,767 ಹೆಜ್ಜೆಗೊಮ್ಮೆ ಮರಳಿ ಬರುವ ಸರಣಿ ಕೊಡುತ್ತದೆ, ಮತ್ತು ಅದು ಕನ್ಸೋಲ್ ಆನ್ ಆದ ಗಳಿಗೆಯಿಂದ ಸದ್ದಿರಲಿ ಇಲ್ಲದಿರಲಿ ಓಡುತ್ತಲೇ ಇರುತ್ತದೆ. ಸ್ವರ ಶುರುವಾದಾಗ ಅದು ಎಲ್ಲಿತ್ತು ಎಂದು ಹೊರಗಿನಿಂದ ಕೇಳುವ ದಾರಿಯಿಲ್ಲ. ಅದಕ್ಕೆ ಎಲ್ಲ 32,767 ಆರಂಭಗಳನ್ನೂ ಒಂದೊಂದಾಗಿ ರೆಕಾರ್ಡಿಂಗ್‌ಗೆ ತಾಳೆ ಹಾಕುವ ಸ್ಕ್ರಿಪ್ಟ್ ಬರೆದೆ. ಒಂದೇ ಒಂದು ಕಡೆ ತಾಳೆ ಚೂಪಾಗಿ ಏಳುತ್ತದೆ, ಅಲ್ಲಿಂದ ಕಳೆದರೆ ಭೋರ್ಗರೆಯುವ ನಾಯ್ಸ್ ಕೂಡ ಬಹುತೇಕ ಮಾಯ. ಕಿರು ಮೋಡ್‌ನಲ್ಲಿ ಅದೇ ರಿಜಿಸ್ಟರ್ 93 ಅಥವಾ 31 ಹೆಜ್ಜೆಯ ಸುತ್ತಿಗೆ ಬೀಳುತ್ತದೆ. ಯಾವುದಕ್ಕೆ ಎನ್ನುವುದು ಆ ಕ್ಷಣ ಅದು ಎಲ್ಲಿತ್ತು ಅನ್ನುವುದರ ಮೇಲೆ. ಒಂದೇ ಗೇಮ್‌ನ ಒಂದೇ ಸದ್ದು ಒಮ್ಮೊಮ್ಮೆ ಬೇರೆ ಥರ ಕೇಳಿದರೆ ಗಾಬರಿ ಬೇಡ.

ಬೇರೆ ಕನ್ಸೋಲ್‌ಗಳಿಗೆ ಇದೇ ದಾರಿ ಹಿಡಿದಾಗ ತೂಕ ಬೀಳುವ ಜಾಗ ಬದಲಾಗುತ್ತದೆ. ಸೂಪರ್ ಎನ್‌ಇಎಸ್‌ನಲ್ಲಿ ಸೋನಿಯ ಸೌಂಡ್ ಭಾಗ ಕೊನೆಯ ಡಿಎಸಿವರೆಗೂ (ಅಂಕಿಗಳನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಡಿಜಿಟಲ್: 64 ಕೆಬಿ ರಾಮ್, ಎಂಟು ಧ್ವನಿಗಳು, ಸುಮಾರು 32 ಕಿಲೋಹರ್ಟ್ಜ್ ಔಟ್‌ಪುಟ್. ಅಲ್ಲಿ ಬಿಟ್‌ಗೆ ಬಿಟ್ ಹೊಂದಿಸಬಹುದು, ಆದರೆ ಸ್ಯಾಂಪಲ್‌ಗಳ ನಡುವೆ ತುಂಬುವ ಗೌಸಿಯನ್ ಕೋಷ್ಟಕವನ್ನು ಹಾಗೆಯೇ ಇಡಬೇಕು. ಅದರ ಬದಲು ‘ಉತ್ತಮ’ ಇಂಟರ್‌ಪೊಲೇಷನ್ ಹಾಕಿದರೆ ಸದ್ದು ಹೊಳೆಯುತ್ತದೆ, ಅಸಲಿ ಯಂತ್ರ ಹಾಗೆ ಹೊಳೆಯುವುದಿಲ್ಲ. ಸೆಗಾ ಕಂಪನಿಯ ಮೆಗಾ ಡ್ರೈವ್‌ನ ಮೊದಲ ಮಾದರಿಯಲ್ಲಿ ಹಿಂದಿನ ಎವಿ ಔಟ್ ಮೋನೋ, ಸ್ಟೀರಿಯೋ ಬೇಕೆಂದರೆ ಮುಂದಿನ ಹೆಡ್‌ಫೋನ್ ಜ್ಯಾಕ್. ಅದರ ವೈಎಂ2612 ಸೌಂಡ್ ಚಿಪ್‌ನ ಡಿಎಸಿ ಸೊನ್ನೆಯ ಹತ್ತಿರ ಮೆಟ್ಟಿಲು ತಪ್ಪುತ್ತದೆ, ಹಾಗಾಗಿ ಮೆಲ್ಲಗೆ ಅಡಗುವ ಸ್ವರಗಳ ಬಾಲದಲ್ಲಿ ಗರಗರ ಕೇಳುತ್ತದೆ. ಆಮೇಲಿನ ವೈಎಂ3438ರಲ್ಲಿ ಇದು ಬಹಳ ಕಡಿಮೆ. ಆ ಗರಗರವನ್ನು ಲೆಕ್ಕಕ್ಕಿಟ್ಟುಕೊಂಡೇ ಸ್ವರ ಕಟ್ಟಿದ ಗೇಮ್‌ಗಳಿಗೆ ಮೊದಲಿನದೇ ಬೇಕು.

ನನ್ನ ಎನ್‌ಇಎಸ್ ಎಮ್ಯುಲೇಟರ್‌ನಲ್ಲಿ ಈಗ ಕಳೆದ ಮೇಲೆ ಉಳಿಯುವುದು ಹಿನ್ನೆಲೆಯ ಗುಂಯ್, ಒಂದಿಷ್ಟು ಹಿಸ್, ಮತ್ತು ಅತಿ ಮೇಲಿನ ಕಂಪನಗಳಲ್ಲಿ ಸಣ್ಣ ಉಳಿಕೆ. ಫಿಲ್ಟರ್‌ಗಳನ್ನು ಎನ್‌ಇಎಸ್, ಫ್ಯಾಮಿಕಾಮ್, ಏನೂ ಬೇಡ ಎಂಬ ಮೂರು ಆಯ್ಕೆಯಾಗಿ ಇಟ್ಟಿದ್ದೇನೆ. ಗುಂಯ್ ಮತ್ತು ಹಿಸ್ ಸೇರಿಸಲಿಲ್ಲ, ಅವು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತವೆ. ಆಡುವಾಗ ಮಾತ್ರ ಒಂದು ರಾಜಿ ಇದೆ: ಎನ್‌ಇಎಸ್ ಸೆಕೆಂಡಿಗೆ 60.0988 ಚಿತ್ರ ತೋರಿಸುತ್ತದೆ, ಮಾನಿಟರ್ 60. ಚಿತ್ರ ಎಗರದಿರಲು ಸದ್ದನ್ನು ಶೇಕಡಾ 0.16ರಷ್ಟು ನಿಧಾನ ಮಾಡುತ್ತೇನೆ. ರೆಕಾರ್ಡಿಂಗ್ ಜೊತೆ ಹೋಲಿಸುವಾಗ ಆ ಸ್ವಿಚ್ ಆಫ್.