ಕಪ್ಪು ಡಿಸ್ಕು, ನೀಲಿ ಡಿಸ್ಕು, ಮೂರು ಭಾನುವಾರ

ಹೋದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಮನೆಯ ಲಾಫ್ಟ್‌ಗೆ ನೀರು ಇಳಿಯಿತು. ಖಾಲಿ ಮಾಡುವಾಗ ಹಳೇ ಗೇಮ್ ಕನ್ಸೋಲ್, ಪ್ಲೇಸ್ಟೇಷನ್ 2 ಸಿಕ್ಕಿತು. ಜೊತೆಗೆ ಒಂದು ಬಿಸ್ಕತ್ತಿನ ಡಬ್ಬಿ ತುಂಬಾ ಗೇಮ್ ಡಿಸ್ಕು. ಕನ್ಸೋಲ್ ಆನ್ ಆಯಿತು, ಆದರೆ ಡಿಸ್ಕ್ ಓದುವ ಲೆನ್ಸ್ ಸತ್ತಿತ್ತು. "ಲ್ಯಾಪ್‌ಟಾಪಿನಲ್ಲೇ ಆಡಬಹುದಲ್ವಾ ಪಪ್ಪಾ?" ಎಂದಳು ಮಗಳು. ಎಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ಕನ್ಸೋಲಿನ ವೇಷ ಹಾಕುವ ಸಾಫ್ಟ್‌ವೇರ್, ಹಾಕಿದರಾಯಿತು, ಒಂದು ಭಾನುವಾರದ ಕೆಲಸ ಅಂದುಕೊಂಡೆ.

ಪಿಸಿಎಸ್‌ಎಕ್ಸ್2 ಅನ್ನುವ ಎಮ್ಯುಲೇಟರ್ ಹಾಕಿದೆ. ಅದಕ್ಕೆ ಕನ್ಸೋಲಿನ ಬಯಾಸ್, ಅಂದರೆ ಕನ್ಸೋಲನ್ನು ಶುರು ಮಾಡುವ ಒಳಗಿನ ಸಾಫ್ಟ್‌ವೇರ್, ಬೇಕು. ನಮ್ಮದೇ ಕನ್ಸೋಲಿನಿಂದ ಮೆಮೊರಿ ಕಾರ್ಡ್ ಮೂಲಕ ತೆಗೆದುಕೊಂಡೆ. ಅದರದ್ದೇ ಬೇರೆ ಕಥೆ, ಇಲ್ಲಿ ಬೇಡ.

ನನ್ನ ಲ್ಯಾಪ್‌ಟಾಪಿಗೆ ಡಿಸ್ಕ್ ಡ್ರೈವ್ ಇಲ್ಲ. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋಗಿ, ಲ್ಯಾಮಿಂಗ್ಟನ್ ರೋಡಿನಲ್ಲಿ ಹೆಸರೇ ಇಲ್ಲದ ಒಂದು ಯುಎಸ್‌ಬಿ ಡಿವಿಡಿ ರೈಟರ್ ತಂದೆ. "ಚಲೇಗಾ ಸಾಬ್, ಬೇಫಿಕರ್ ರಹೋ" ಅಂದ ಅಂಗಡಿಯವನು. ವಾಪಸ್ ಬರುವಾಗ ಮಾಟುಂಗಾದಲ್ಲಿ ಇಳಿದು ಇಡ್ಲಿ, ಫಿಲ್ಟರ್ ಕಾಫಿ. ಆ ದಿನ ಸರಿಯಾಗಿ ಆದದ್ದು ಅದೊಂದೇ.

ಡಿಸ್ಕ್ ಹಾಕಿದೆ. ಎಮ್ಯುಲೇಟರಿಗೆ ಡಿಸ್ಕೇ ಕಾಣಲಿಲ್ಲ. ಇನ್ನೊಂದು ಹಾಕಿದೆ, ಅದೂ ಇಲ್ಲ. ಬಯಾಸ್ ಕೆಟ್ಟಿರಬೇಕು ಅನ್ನಿಸಿ ಮತ್ತೆ ತೆಗೆದೆ. ಆಮೇಲೆ ರೀಜನ್ (ಕನ್ಸೋಲ್, ಆಟ ಯಾವ ದೇಶಗಳಿಗೆ ಮಾಡಿದ್ದು ಅನ್ನುವುದು) ಹೊಂದುತ್ತಿಲ್ಲವೇನೋ ಅಂತ ಒಂದಿಡೀ ಸಂಜೆ ಸೆಟ್ಟಿಂಗ್‌ಗಳಲ್ಲಿ ತಲೆ ಕೆಡಿಸಿಕೊಂಡೆ. ಪಿಸಿಎಸ್‌ಎಕ್ಸ್2ನಲ್ಲಿ ಯಾವ ರೀಜನ್ನಿನ ಬಯಾಸ್ ಆದರೂ ಸಾಮಾನ್ಯವಾಗಿ ನಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಆ ಸಂಜೆ ಸುಮ್ನೆ ಹೋಯಿತು.

ಮುಂದಿನ ಭಾನುವಾರ ಎಮ್ಯುಲೇಟರನ್ನು ಮುಚ್ಚಿಟ್ಟೆ. ಮೊದಲು ವಿಂಡೋಸಿಗೆ ಡಿಸ್ಕ್ ಕಾಣುತ್ತಾ ನೋಡೋಣ ಅಂತ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಡ್ರೈವ್ ತಿರುಗಲು ಶುರು ಮಾಡುತ್ತದೆ, ಟಕ್ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಡಿಸ್ಕಿನ ದೋಷವಲ್ಲ, ಕರೆಂಟು ಸಾಲುತ್ತಿರಲಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್. ಡಿಸ್ಕ್ ವೇಗ ಹಿಡಿಯುವಾಗ ಡ್ರೈವ್ ಅದಕ್ಕಿಂತ ಜಾಸ್ತಿ ಕೇಳಬಹುದು. ನಾನು ಒಂದೇ ಪೋರ್ಟನ್ನು ಹಲವಕ್ಕೆ ಹಂಚುವ ಹಬ್‌ಗೆ ಬೇರೆ ಸಿಕ್ಕಿಸಿದ್ದೆ! ನೇರವಾಗಿ 3.0 ಪೋರ್ಟಿಗೆ ಹಾಕಿದೆ. ಅದು 900 ಮಿಲಿಆಂಪ್ ಕೊಡುತ್ತದೆ. ಟಕ್ ಟಕ್ ನಿಂತಿತು.

ಈಗ ಡಿಸ್ಕಿನೊಳಗಿನ ಫೈಲುಗಳು ಕಂಡವು. ಅವುಗಳಲ್ಲಿ ಸಿಸ್ಟಮ್ ಡಾಟ್ ಸಿಎನ್‌ಎಫ್ ಅಂತ ಒಂದು ಪುಟ್ಟ ಫೈಲ್ ಇರುತ್ತದೆ. ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ಯಾವ ಪ್ರೋಗ್ರಾಮಿನಿಂದ ಆಟ ಶುರುವಾಗಬೇಕು ಅಂತ ಕನ್ಸೋಲಿಗೆ ಹೇಳುವ ಚೀಟಿ ಅದು. ಒಂದು ಡಿಸ್ಕಿನಲ್ಲಿ ಸಾಲು 'ಬೂಟ್2' ಅಂತ ಶುರುವಾಗಿತ್ತು. ಇನ್ನೊಂದರಲ್ಲಿ ಬರೀ 'ಬೂಟ್'. ಅಲ್ಲಿ ತಲೆಯಲ್ಲಿ ದೀಪ ಹತ್ತಿತು. ಬರೀ 'ಬೂಟ್' ಅಂದರೆ ಅದು ಮೊದಲ ಪ್ಲೇಸ್ಟೇಷನ್ನಿನ ಆಟ. ಅಸಲಿ ಪ್ಲೇಸ್ಟೇಷನ್ 2 ಹಳೇ ಆಟಗಳನ್ನೂ ಆಡಿಸುತ್ತಿತ್ತು, ಹಾಗಾಗಿ ನಾವು ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿದ್ದೆವು. ಪಿಸಿಎಸ್‌ಎಕ್ಸ್2 ಇರುವುದು ಎರಡನೆಯದಕ್ಕೆ. ಹಳೆಯವಕ್ಕೆ ಡಕ್‌ಸ್ಟೇಷನ್‌ನಂಥ ಬೇರೆ ಎಮ್ಯುಲೇಟರ್ ಬೇಕು.

ಆಮೇಲೆ ನೋಟ್‌ಪ್ಯಾಡೂ ಬೇಕಾಗಲಿಲ್ಲ. ಡಿಸ್ಕ್ ತಿರುವಿ ನೋಡಿದರೆ ಸಾಕು. ಕೆಳಗೆ ಕಪ್ಪಾಗಿದ್ದರೆ ಮೊದಲ ಪ್ಲೇಸ್ಟೇಷನ್. ನೀಲಿ ಇದ್ದರೆ ಸಿಡಿಯಲ್ಲಿ ಬಂದ ಪ್ಲೇಸ್ಟೇಷನ್ 2 ಆಟ. ಬೆಳ್ಳಿ ಬಣ್ಣದ್ದು ಡಿವಿಡಿ. ಮಗಳು ನೆಲದ ಮೇಲೆ ಮೂರು ಗುಡ್ಡೆ ಮಾಡಿದಳು. ಅದರ ಬದಿಗೆ ನಾಲ್ಕನೆಯದೊಂದು ಗುಡ್ಡೆ ಆಯಿತು, ಏನೂ ಕಾಣದವು.

ಆ ನಾಲ್ಕನೆಯ ಗುಡ್ಡೆಗೆ ಕಾರಣ ಮುಂಬೈ ಮಳೆ. ಡಿಸ್ಕಿನ ಮೇಲೆ ಬೂದಿ ಬಣ್ಣದ ಜೇಡರ ಬಲೆಯಂಥ ಬೂಷ್ಟು. ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿದೆ. ಗುಂಡಗೆ ತಿಕ್ಕಬಾರದು. ಗೀರು ಟ್ರ್ಯಾಕಿನ, ಅಂದರೆ ಮಾಹಿತಿ ಸುತ್ತಿಕೊಂಡಿರುವ ಗೆರೆಯ, ಉದ್ದಕ್ಕೇ ಬಿದ್ದರೆ ಡ್ರೈವಿಗೆ ಸರಿಪಡಿಸಿಕೊಳ್ಳಲು ಆಗುವುದಿಲ್ಲ. ಸುಮಾರು ಡಿಸ್ಕು ಎದ್ದು ಕೂತವು. ಎರಡನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಸೂಜಿ ತೂತಿನಂತೆ ಬೆಳಕು ಬರುತ್ತಿತ್ತು. ಎರಡೂ ಸಿಡಿ. ಸಿಡಿಯಲ್ಲಿ ಹೊಳೆಯುವ ಪದರ ಇರುವುದು ಲೇಬಲ್ಲಿನ ಅಡಿಯಲ್ಲೇ, ಮೇಲೆ ತೆಳ್ಳಗಿನ ಲ್ಯಾಕರ್ ಅಷ್ಟೇ. ಡಿವಿಡಿಯಲ್ಲಿ ಅದು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಸುರಕ್ಷಿತ. ನಾವೆಲ್ಲ ಕೆಳಗಿನ ಗೀರಿಗೆ ಹೆದರಿ ಸಿಡಿಯನ್ನು ಲೇಬಲ್ ಕೆಳಗೆ ಮಾಡಿ ಇಡುತ್ತಿದ್ದೆವು. ಪೂರ್ತಿ ಉಲ್ಟಾ ಬುದ್ಧಿ.

ಮೂರನೇ ಭಾನುವಾರ ಎಲ್ಲವನ್ನೂ ಇಮೇಜ್ ಮಾಡಿಕೊಂಡೆ, ಅಂದರೆ ಇಡೀ ಡಿಸ್ಕನ್ನೇ ಫೈಲಾಗಿ ನಕಲು ಮಾಡಿಕೊಂಡೆ, ಇಮ್ಗ್‌ಬರ್ನ್ ಅನ್ನುವ ಸಾಫ್ಟ್‌ವೇರಿನಲ್ಲಿ. ಮುದಿ ಡಿಸ್ಕನ್ನು ಪದೇ ಪದೇ ತಿರುಗಿಸುವುದಕ್ಕಿಂತ ಒಂದೇ ಸಲ ಓದಿಸಿ ಇಡುವುದು ಮೇಲು. ಹಟ ಮಾಡಿದವಕ್ಕೆ ಓದುವ ವೇಗ ಇಳಿಸಿದೆ. ಡಿವಿಡಿಗೆ ಐಎಸ್‌ಒ ಅನ್ನುವ ಬಗೆಯ ಇಮೇಜ್ ಫೈಲ್ ಸಾಕು. ಕಪ್ಪು ಡಿಸ್ಕಿಗೆ ಸಾಲದು. ಐಎಸ್‌ಒ ಡಿಸ್ಕಿನ ಒಂದೊಂದು ಸೆಕ್ಟರಿನಿಂದ (ತುಂಡಿನಿಂದ) 2048 ಬೈಟ್ ಮಾತ್ರ ಇಟ್ಟುಕೊಳ್ಳುತ್ತದೆ. ಬಿನ್ ಅನ್ನುವ ಬಗೆಯ ಫೈಲ್ ಪೂರ್ತಿ 2352 ಇಟ್ಟುಕೊಳ್ಳುತ್ತದೆ. ಆಟದ ವಿಡಿಯೊ, ಹಾಡು ಉಳಿಯಬೇಕಾದರೆ ಬಿನ್ ಮತ್ತು ಅದರ ವಿವರ ಬರೆದಿಡುವ ಪುಟ್ಟ ಕ್ಯೂ ಫೈಲ್, ಈ ಜೋಡಿಯೇ ಬೇಕು.

ಇಷ್ಟಾದ ಮೇಲೂ ಒಂದು ಕಾರ್ ರೇಸ್ ಶುರುವಾಗಲಿಲ್ಲ. ಡಕ್‌ಸ್ಟೇಷನ್ ಫೈಲೇ ಇಲ್ಲ ಅನ್ನುತ್ತಿತ್ತು. ಫೈಲ್ ನನ್ನ ಕಣ್ಣೆದುರೇ ಇದೆ! ಕ್ಯೂ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಮೊದಲ ಸಾಲಿನಲ್ಲಿ ಬಿನ್ ಫೈಲಿನ ಹೆಸರು ಬರೆದಿರುತ್ತದೆ. ಅಲ್ಲಿ ಹಳೇ ಹೆಸರೇ ಇತ್ತು. ಬಿನ್ ಫೈಲಿಗೆ ಯಾರೋ ಹೊಸ ಹೆಸರು ಇಟ್ಟಿದ್ದರು: 'ಪಪ್ಪನ ಕಾರು'. ಯಾರೆಂದು ಕೇಳಬೇಕಾಗಲಿಲ್ಲ, ಮಗಳು ಆಗಲೇ ಅಡುಗೆಮನೆಗೆ ಓಡಿದ್ದಳು.

ಹೆಸರು ಬದಲಿಸಲಿಲ್ಲ. ಕ್ಯೂ ಫೈಲಿನ ಸಾಲನ್ನೇ ತಿದ್ದಿದೆ.